ಹಾಲಿಗೆ ಬಾಗಿಲಲ್ಲಿ ಜಾಗವಿಲ್ಲ

ಬೆಳಗ್ಗೆ ಆರಕ್ಕೆ ಬಂದ ನಂದಿನಿ ಪ್ಯಾಕೆಟ್ಟು ಬೆಂಗಳೂರಿನ ಹೆಚ್ಚಿನ ಮನೆಗಳಲ್ಲಿ ಹೋಗಿ ಕೂರುವುದು ಫ್ರಿಜ್ಜಿನ ಬಾಗಿಲಲ್ಲಿ. ಕೈಗೆ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಇಡೀ ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಕಡಿಮೆ ತಂಪಿರುವ ಜಾಗವೂ ಅದೇ. ಬಾಗಿಲು ತೆಗೆದಾಗಲೆಲ್ಲ ಅಡುಗೆಮನೆಯ ಸೆಕೆ ಮೊದಲು ತಾಗುವುದು ಅಲ್ಲಿಟ್ಟ ಪದಾರ್ಥಕ್ಕೆ. ಏನೂ ಬೇಕಿಲ್ಲದಿದ್ದರೂ ಬಾಗಿಲು ತೆಗೆದು ಎರಡು ನಿಮಿಷ ಒಳಗೆ ನೋಡುತ್ತ ನಿಲ್ಲುವ ಮಕ್ಕಳು (ಕೆಲವು ಮನೆಗಳಲ್ಲಿ ಗಂಡಸರು) ಇದ್ದರಂತೂ ಮುಗಿಯಿತು. ಹಾಲು ಮಧ್ಯದ ಅಥವಾ ಕೆಳಗಿನ ಶೆಲ್ಫಿನಲ್ಲಿ, ಹಿಂಗೋಡೆಯ ಹತ್ತಿರ ಇರಬೇಕು. ಬಾಗಿಲಲ್ಲಿ ಜ್ಯಾಮು, ಸಾಸು, ನೀರಿನ ಬಾಟಲಿ ಇರಲಿ. ಸಕ್ಕರೆ, ಹುಳಿ, ಉಪ್ಪು ಹೆಚ್ಚಿದ್ದದ್ದು ತಾಪಮಾನದ ಏರಿಳಿತವನ್ನು ತಡೆದುಕೊಳ್ಳುತ್ತದೆ. ಇನ್ನು ಮೊಟ್ಟೆಗೆಂದು ಬಾಗಿಲಲ್ಲೇ ಕುಳಿ ಮಾಡಿಕೊಟ್ಟಿರುವ ವಿನ್ಯಾಸಕಾರರನ್ನು ಏನೆನ್ನುವುದೋ! ಮೊಟ್ಟೆ ಟ್ರೇ ಸಮೇತ ಒಳಗಿರುವುದೇ ಸರಿ.

ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಗುಂಡಿಯ ಮೇಲಿನ 1ರಿಂದ 7ರವರೆಗಿನ ಅಂಕಿಗಳು ಡಿಗ್ರಿಗಳಲ್ಲ, ಅಂಕಿ ಏರಿದಷ್ಟೂ ತಂಪು ಹೆಚ್ಚು, ಅಷ್ಟೇ. ಬೇಸಿಗೆಯಲ್ಲಿ 'ಸೆಕೆ ಜಾಸ್ತಿ, ನಂಬರ್ ಕಮ್ಮಿ ಮಾಡು' ಎನ್ನುವವರು ತಿಳಿಯದೆ ತಿರುಗಾಮುರುಗಾ ಮಾಡುತ್ತಾರೆ. ಸರಿಯಾಗಿ ತಿಳಿಯಬೇಕೆಂದರೆ ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಮುಳುಗಿಸಿ, ಮಧ್ಯದ ಶೆಲ್ಫಿನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಓದಬೇಕು. ಗಾಳಿಯ ತಾಪ ಬಾಗಿಲು ತೆಗೆದೊಡನೆ ಏರುತ್ತದೆ, ನೀರಿನದು ಅಷ್ಟು ಬೇಗ ಏರುವುದಿಲ್ಲ.

ನಿಜವಾದ ಎಡವಟ್ಟು ಆಗುವುದು ಅನ್ನದ ವಿಷಯದಲ್ಲಿ. ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನವಾಗುವುದು ಈ ಊರಿನ ಅಲಿಖಿತ ಕಾನೂನು. ಆ ಅನ್ನ ಕುಕ್ಕರಿನಲ್ಲೇ, ಕಟ್ಟೆಯ ಮೇಲೆಯೇ ರಾತ್ರಿ ಕಳೆಯುವುದೂ ಅಷ್ಟೇ ರೂಢಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ, ಅವು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ಬಗ್ಗುವುದಿಲ್ಲ, ನಿಂಬೆಹಣ್ಣು ಹಿಂಡಿದರೂ ಹೋಗುವುದಿಲ್ಲ. ಊಟ ಮುಗಿದೊಡನೆ ಅನ್ನವನ್ನು ಅಗಲವಾದ ತಟ್ಟೆಗೆ ಹರವಿ, ಹಬೆ ನಿಂತ ಮೇಲೆ ಮುಚ್ಚಳದ ಡಬ್ಬಿಗೆ ಹಾಕಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ ಮರುದಿನವೇ ಮುಗಿಸಬೇಕು. ತಣ್ಣಗಾದ ಪಿಷ್ಟ ಬಿಗಿಯಾಗಿ ಅಗುಳು ಅಗುಳು ಬಿಡಿಯಾಗುವುದರಿಂದ ಚಿತ್ರಾನ್ನವೂ ಮುದ್ದೆಯಾಗದೆ ಉದುರುದುರಾಗಿ ಬರುತ್ತದೆ.

ಹುಳಿ, ಬಿಸಿಬೇಳೆಬಾತುಗಳ ಕಷ್ಟ ಬೇರೆ. 'ಪೂರ್ತಿ ಆರದೆ ಫ್ರಿಜ್ಜಿಗೆ ಇಡಬಾರದು' ಎಂದು ಪಾತ್ರೆಯನ್ನು ನಾಲ್ಕೈದು ಗಂಟೆ ಹೊರಗೇ ಬಿಡುವವರಿದ್ದಾರೆ, ಮೂರು ಲೀಟರಿನ ಪಾತ್ರೆಯನ್ನು ಬಿಸಿಬಿಸಿಯಾಗಿ ಹಾಗೆಯೇ ಒಳಗೆ ತಳ್ಳುವವರೂ ಇದ್ದಾರೆ. ಎರಡೂ ತಪ್ಪು. ಗಟ್ಟಿ ಪದಾರ್ಥದ ನಡುಭಾಗ ಫ್ರಿಜ್ಜಿನೊಳಗೂ ಬಹಳ ಹೊತ್ತು ಬೆಚ್ಚಗೇ ಇರುತ್ತದೆ, ಪಕ್ಕದ ಮೊಸರಿಗೂ ಬಿಸಿ ತಾಗಿಸುತ್ತದೆ. ಎರಡು ಇಂಚಿಗಿಂತ ಆಳವಿಲ್ಲದ ಎರಡು ಮೂರು ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ ಆಗಾಗ ಕೈಯಾಡಿಸಿದರೆ ಬೇಗ ತಣಿಯುತ್ತದೆ. ಇಲ್ಲಿ ನಮ್ಮ ಸ್ಟೀಲ್ ಪಾತ್ರೆ ಪ್ಲಾಸ್ಟಿಕ್ ಡಬ್ಬಿಗಿಂತ ವಾಸಿ, ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಎರಡು ಗಂಟೆಯೊಳಗೆ ಒಳಗೆ ಹೋಗಬೇಕು, ಮೂರು ದಿನದಲ್ಲಿ ಖಾಲಿಯಾಗಬೇಕು. ಹೊರತೆಗೆಯುವಾಗ ಬೇಕಾದಷ್ಟನ್ನು ಮಾತ್ರ ಬಿಸಿ ಮಾಡಿ. ಇಡೀ ಪಾತ್ರೆಯನ್ನು ದಿನಕ್ಕೆರಡು ಸಲ ಕುದಿಸಿ ಆರಿಸುವುದರಿಂದ ಬೇಳೆ ಕರಗಿ ಪಾಯಸವಾಗುತ್ತದೆಯೇ ಹೊರತು ಆಯಸ್ಸು ಹೆಚ್ಚುವುದಿಲ್ಲ.

ದೋಸೆ ಹಿಟ್ಟು ಫ್ರಿಜ್ಜಿನಲ್ಲೂ ಹುಳಿಯುತ್ತಲೇ ಇರುತ್ತದೆ, ನಿಧಾನವಾಗಿ. ಆದ್ದರಿಂದ ಚೆನ್ನಾಗಿ ಉಬ್ಬುವ ಸ್ವಲ್ಪ ಮೊದಲೇ ಒಳಗಿಟ್ಟು, ಡಬ್ಬಿಯ ಮೂರನೇ ಒಂದು ಭಾಗ ಖಾಲಿ ಬಿಡಬೇಕು. ಅಂಗಡಿಯ ಹಿಟ್ಟಿನ ಪೊಟ್ಟಣ ದಿಂಬಿನ ಹಾಗೆ ಊದಿದ್ದರೆ ಅದು ದಾರಿಯಲ್ಲೆಲ್ಲೋ ಬಿಸಿ ಕಂಡಿದೆ ಎಂದು ತಿಳಿದು ಬೇರೆಯದನ್ನು ಆರಿಸಿ.

ಕೊತ್ತಂಬರಿ ಸೊಪ್ಪಿಗೆ ಶತ್ರು ಚಳಿಯಲ್ಲ, ನೀರು. ಗಾಡಿಯವರು ಬಾಡದಿರಲಿ ಎಂದು ನೀರು ಚಿಮುಕಿಸಿಯೇ ಕೊಡುತ್ತಾರೆ, ಅದನ್ನು ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಒಳಗಿಟ್ಟರೆ ಮೂರನೇ ದಿನಕ್ಕೆ ಕಟ್ಟಿನ ನಡುವೆ ಕಪ್ಪು ಲೋಳೆ. ಕಟ್ಟು ಬಿಚ್ಚಿ, ಹಳದಿ ಎಲೆ ಆರಿಸಿ, ಬೇರು ಕತ್ತರಿಸಿ, ಫ್ಯಾನಿನಡಿ ಅರ್ಧ ಗಂಟೆ ಹರವಿ. ಆಮೇಲೆ ಡಬ್ಬಿಯ ತಳಕ್ಕೊಂದು, ಮೇಲಕ್ಕೊಂದು ಒಣ ಹತ್ತಿಬಟ್ಟೆ ಹಾಸಿ ನಡುವೆ ಸಡಿಲವಾಗಿ ತುಂಬಿ. ಬಟ್ಟೆ ತೇವವಾದರೆ ಬದಲಿಸಿ. ಹತ್ತು ದಿನ ಆರಾಮಾಗಿ ಬರುತ್ತದೆ. ತೊಳೆಯುವುದು ಬಳಸುವ ಮುಂಚೆ ಮಾತ್ರ. ಕರಿಬೇವಿಗೂ ಇದೇ ಉಪಚಾರ. ಸೇಬನ್ನು ಮಾತ್ರ ಸೊಪ್ಪಿನ ಡ್ರಾಯರಿನಿಂದ ಎಬ್ಬಿಸಿ. ಅದು ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಬೇಗ ಹಳದಿ ಮಾಡುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್ಜಾದರೆ ಹಿಂಗೋಡೆಯ ಗಾಳಿಕಿಂಡಿಗೆ ಒತ್ತಿ ಏನನ್ನೂ ಇಡಬೇಡಿ. ಕಿಂಡಿಯ ಎದುರಿನ ಸೊಪ್ಪು ಹೆಪ್ಪುಗಟ್ಟಿ ನೀರಾಗುತ್ತದೆ, ಗಾಳಿಗೆ ಅಡ್ಡವಾಗಿ ಉಳಿದ ಶೆಲ್ಫುಗಳಿಗೆ ತಂಪೇ ತಲುಪುವುದಿಲ್ಲ.

ಬಾಳೆಹಣ್ಣು, ಆಲೂಗೆಡ್ಡೆ, ಈರುಳ್ಳಿಗೆ ಒಳಗೆ ಪ್ರವೇಶವೇ ಬೇಡ. ಬಾಳೆಯ ಸಿಪ್ಪೆ ಕಪ್ಪಾಗುತ್ತದೆ. ಆಲೂವಿನ ಪಿಷ್ಟ ಚಳಿಗೆ ಸಕ್ಕರೆಯಾಗಿ, ಕರಿದಾಗ ಬೇಗ ಕಂದುತ್ತದೆ. ಟೊಮೆಟೊ ಹಣ್ಣಾಗುವವರೆಗೆ ಹೊರಗೇ ಇರಲಿ. ಬ್ರೆಡ್ಡನ್ನು ಇಡುವುದಾದರೆ ಫ್ರೀಜರಿನಲ್ಲಿಡಿ, ಫ್ರಿಜ್ಜಿನ ಚಳಿ ಅದನ್ನು ಹೊರಗಿಗಿಂತ ಬೇಗ ಒರಟಾಗಿಸುತ್ತದೆ.

ಫ್ರೀಜರಿಗೆ ಬೆಂಗಳೂರು ಕೊಟ್ಟಿರುವ ಅತ್ಯುತ್ತಮ ಕೆಲಸ ಅವರೆಕಾಳು. ಡಿಸೆಂಬರ್, ಜನವರಿಯಲ್ಲಿ ಅವರೆ ಮೇಳದ ಗುಂಗಿನಲ್ಲಿ ಐದು ಕೆಜಿ ಸೊಗಡವರೆ ತಂದು, ಸುಲಿದು, ಹಸಿಯಾಗಿಯೇ ಚೀಲಕ್ಕೆ ತುಂಬಿ ಫ್ರೀಜರಿಗೆ ಹಾಕಿಬಿಡುತ್ತಾರೆ. ಕೆಲ ತಿಂಗಳು ಬಿಟ್ಟು ಬೇಯಿಸಿದರೆ ಸೊಗಡಿನ ಬದಲು ಒಣಹುಲ್ಲಿನ ವಾಸನೆ. ಕಾಳಿನೊಳಗಿನ ಕಿಣ್ವಗಳು ಹೆಪ್ಪುಗಟ್ಟಿದ ಮೇಲೂ ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತವೆ, ಅವುಗಳನ್ನು ಮೊದಲೇ ಬಿಸಿಯಿಂದ ನಿಲ್ಲಿಸಬೇಕು. ಅರ್ಧ ಕೆಜಿ ಕಾಳಿಗೆ ನಾಲ್ಕು ಲೀಟರ್ ನೀರು ಕಾಯಿಸಿ, ಕಾಳು ಹಾಕಿ, ಮತ್ತೆ ಕುದಿ ಬಂದ ಮೇಲೆ 2ರಿಂದ 3 ನಿಮಿಷ ಎಣಿಸಿ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸು, ಹಾಗಾಗಿ ಮೂರರ ಕಡೆಗೇ ವಾಲಿ. ತೆಗೆದೊಡನೆ ಐಸ್ ನೀರಿಗೆ ಹಾಕಿ, ಅಷ್ಟೇ ಹೊತ್ತು ಬಿಟ್ಟು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಮೇಲೆ ಕಾಲು ಕೆಜಿಯಂತೆ ಚೀಲಕ್ಕೆ ತುಂಬಿ, ಗಾಳಿ ಹಿಂಡಿ, ತಾರೀಖು ಬರೆಯಿರಿ. ತಟ್ಟೆಯ ಹಂತ ಬಿಟ್ಟರೆ ಸಿಗುವುದು ಕಾಳಲ್ಲ, ಇಟ್ಟಿಗೆ. ಬೇಯಿಸುವಾಗ ಕರಗಿಸುವುದು ಬೇಡ, ನೇರವಾಗಿ ಕುದಿಯುವ ಸಾರಿಗೆ ಹಾಕಿ. −18 ಡಿಗ್ರಿ ಹಿಡಿದಿಡುವ ಫ್ರೀಜರಾದರೆ ಯುಗಾದಿ ದಾಟಿ ದೀಪಾವಳಿಯವರೆಗೂ ರುಚಿ ನಿಲ್ಲುತ್ತದೆ. ಹಳೆಯ ಸಿಂಗಲ್ ಡೋರಿನ ಪುಟ್ಟ ಫ್ರೀಜರಿನಲ್ಲಿ ಐಸ್‌ಕ್ರೀಮ್ ಮೆತ್ತಗಿರುತ್ತದೆಯೇ? ಹಾಗಾದರೆ ಕೆಲವೇ ವಾರ ಎಂದುಕೊಳ್ಳಿ. ಅಂಥ ಫ್ರೀಜರಿನ ಗೋಡೆಗೆ ಕಟ್ಟಿದ ಐಸನ್ನು ಚಾಕುವಿನಿಂದ ಕೆತ್ತಬೇಡಿ, ಆ ತಗಡಿನೊಳಗೇ ಗ್ಯಾಸ್ ಹರಿಯುತ್ತಿರುತ್ತದೆ.

ಕರೆಂಟು ಹೋದರೆ ಬಾಗಿಲು ಮುಟ್ಟದಿದ್ದಷ್ಟೂ ಒಳ್ಳೆಯದು. ಮುಚ್ಚಿದ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ, ತುಂಬಿದ ಫ್ರೀಜರ್ ಎರಡು ದಿನದವರೆಗೂ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಈ ಲೆಕ್ಕ ನಡೆಯದು. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದು ನೋಡಿ, ತಡೆಯೇ ಇಲ್ಲದೆ ಜಾರಿ ಬಂದರೆ ಮೊದಲು ರಬ್ಬರಿನ ಮಡಿಕೆಗಳಲ್ಲಿ ಒಣಗಿದ ಹಿಟ್ಟನ್ನು ಬೆಚ್ಚಗಿನ ಸೋಪುನೀರಿನಲ್ಲಿ ಒರೆಸಿ, ಆಮೇಲೆ ಮೆಕ್ಯಾನಿಕ್ಕನ್ನು ಕರೆಯಿರಿ. ಕೆಳಗೆ ನೀರು ನಿಲ್ಲುತ್ತಿದ್ದರೆ ಹಿಂಗೋಡೆಯ ಬುಡದ ತೂತಿನಲ್ಲಿ ಕೊತ್ತಂಬರಿ ಎಲೆ ಸಿಕ್ಕಿರುತ್ತದೆ. ಆ ತೂತಿನ ನೀರು ಇಳಿಯುವುದು ಹಿಂದೆ, ಕಂಪ್ರೆಸರಿನ ಮೇಲಿನ ತಟ್ಟೆಗೆ. ನೀರು ಆರದೆ ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಮಳೆಗಾಲದಲ್ಲಿ ಮನೆ ಸುತ್ತಲಿನ ಹೂಕುಂಡ, ಟೈರು ನೋಡುವವರು ಇದನ್ನು ನೋಡುವುದು ಕಡಿಮೆ. ವಾರಕ್ಕೊಮ್ಮೆ ಪ್ಲಗ್ ತೆಗೆದು, ಫ್ರಿಜ್ಜನ್ನು ಸ್ವಲ್ಪ ಮುಂದಕ್ಕೆಳೆದು, ತಟ್ಟೆಯ ನೀರು ಚೆಲ್ಲಿ, ಲೋಳೆ ಉಜ್ಜಿ ಒರೆಸಿ.