ಬಾಯಿ ಬಿಡದ ರೈಡರ್

ದಸರಾ ರಜೆಗೆ ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಬರೆಯುವ ಹಾಗಿಲ್ಲ, ಹಳೇ ಕಾಲದ ಹಾಗೆ ಕಾಗದದ ಮೇಲೆ ಕೈಯಲ್ಲೇ ಚಿತ್ರ ಬರೆದು ಯಾವುದಾದರೂ ಆಟದ ಆನಿಮೇಷನ್ ಮಾಡಬೇಕು. ಮಕ್ಕಳ ಪ್ರಾಜೆಕ್ಟ್ ಅಂದಮೇಲೆ ಯಾರು ಮಾಡಬೇಕು ಅಂತ ಬಿಡಿಸಿ ಹೇಳಬೇಕಾ? ಎರಡನೇ ದಿನವೇ ಮಗಳು ಸೈಕಲ್ ಹತ್ತಿ ಹೋದಳು. ನಾನು ಉಳಿದೆ.

ಕಬಡ್ಡಿ ಆರಿಸಿದ್ದೂ ನಾನೇ. ಕ್ರಿಕೆಟ್ಟಾದರೆ ಪ್ಯಾಡು, ಹೆಲ್ಮೆಟ್ಟು, ಸ್ಟಂಪು ಎಲ್ಲ ಬರೀಬೇಕು. ಕಬಡ್ಡಿಗೆ ಏನಿದೆ, ಒಂದು ಚಡ್ಡಿ, ಒಂದು ಬನಿಯನ್ನು. ಆಮೇಲೆ ಕೂತು ಲೆಕ್ಕ ಹಾಕಿದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ತೋರಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಎದುರಿನವರ ಅಂಕಣಕ್ಕೆ ನುಗ್ಗಿ ವಾಪಸ್ ಬರುವ ಒಂದು ರೈಡ್‌ಗೆ 30 ಸೆಕೆಂಡ್. ಅಂದರೆ 360 ಹಾಳೆ. ರೈಡರ್ ಒಬ್ಬ, ಎದುರು ಏಳು ಜನ, ಹಾಳೆಗೆ 16 ಕಾಲು. ಒಟ್ಟು 5,760 ಕಾಲು! ಪೆನ್ಸಿಲ್ ಕೆಳಗಿಟ್ಟು ಒಂದು ಲೋಟ ಕಾಫಿ ಕುಡಿದೆ.

ಕಾಫಿ ಮುಗಿಯುವಷ್ಟರಲ್ಲಿ ರೈಡ್ 6 ಸೆಕೆಂಡಿಗೆ ಇಳಿದಿತ್ತು. ಎದುರು ತಂಡದ ಆರು ಜನರನ್ನು ಆಟ ಶುರುವಾಗೋ ಮೊದಲೇ ಔಟ್ ಮಾಡಿ ಹೊರಗೆ ಕೂರಿಸಿದೆ. ಉಳಿದವನು ಒಬ್ಬನೇ. ಅವನು ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಅಂದರೆ ಕಮ್ಮಿ ಜನ ಉಳಿದಾಗ ಹಿಡಿದದ್ದಕ್ಕೆ ಎರಡು ಪಾಯಿಂಟ್. ನಿಯಮದ ಪ್ರಕಾರವೂ ತಪ್ಪಿಲ್ಲ ನೋಡಿ. 72 ಹಾಳೆ ಸಾಕು.

ಹಾಳೆಗಳು ಒಂದರ ಮೇಲೊಂದು ಅಲುಗದೆ ಕೂರಬೇಕು. ಸ್ಟುಡಿಯೋದವರು ಅದಕ್ಕೆ ಗೂಟ ಇರುವ ಪಟ್ಟಿ ಇಟ್ಟುಕೊಂಡಿರುತ್ತಾರೆ. ನನ್ನ ಹತ್ತಿರ ಇದ್ದದ್ದು ಫೈಲಿಗೆ ತೂತು ಹೊಡೆಯುವ ಪಂಚಿಂಗ್ ಮೆಷಿನ್. ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಆ ತೂತಿಗೆ ಸರಿಯಾಗುವ ಹಾಗೆ 6 ಎಂ.ಎಂ. ಬೋಲ್ಟ್ ಎರಡು ಕೊಡಿ ಅಂದೆ.

"ಯಾವ ಗಾಡಿಗೆ ಸಾರ್?"

"ಗಾಡಿಗಲ್ಲ, ಕಬಡ್ಡಿಗೆ."

ಅವರು ಮುಂದೇನೂ ಕೇಳಲಿಲ್ಲ. ಚಿಲ್ಲರೆ ಮಾತ್ರ ಬಹಳ ಮೆಲ್ಲಗೆ, ಸಮಾಧಾನವಾಗಿ ಎಣಿಸಿ ಕೊಟ್ಟರು.

ಶೋಕೇಸಿನ ಗೊಂಬೆಗಳು ಹೇಗೂ ದಸರಾ ಮೆಟ್ಟಿಲು ಹತ್ತಿದ್ದವು. ಅದರ ಗಾಜು ಕಳಚಿ ಎರಡು ಸ್ಟೂಲಿನ ಮೇಲಿಟ್ಟೆ. ಎಂ-ಸೀಲ್ ಹಚ್ಚಿ ಬೋಲ್ಟ್ ನಿಲ್ಲಿಸಿದೆ. ಕೆಳಗೆ ಎಲ್‌ಇಡಿ ಬಲ್ಬ್. ಈಗ ಕೆಳಗಿನ ಹಾಳೆಯ ಚಿತ್ರ ಮೇಲಿನ ಹಾಳೆಯಲ್ಲಿ ಕಾಣುತ್ತದೆ. ಒಂದನ್ನು ನೋಡಿ ಎರಡು, ಎರಡನ್ನು ನೋಡಿ ಮೂರು, ಹೀಗೆ ಉತ್ಸಾಹದಲ್ಲಿ ಬರೆಯುತ್ತಾ ಹೋದೆ. ಪ್ರತಿ ಸಲವೂ ಕೂದಲೆಳೆಯಷ್ಟು ಸಣ್ಣದಾಗುತ್ತಿತ್ತು ಅಂತ ಕಾಣುತ್ತೆ. 40ನೇ ಹಾಳೆಗೆ ಬರುವಷ್ಟರಲ್ಲಿ ರೈಡರ್ ತಲೆ ನಿಂಬೆಹಣ್ಣಿನಷ್ಟಾಗಿತ್ತು. ಪಾಪ, ಎದುರಿನವನು ಮಾತ್ರ ದಷ್ಟಪುಷ್ಟವಾಗಿದ್ದ.

ಕಸುಬು ಗೊತ್ತಿದ್ದವರು ಹಾಗೆ ಮಾಡೋದಿಲ್ಲವಂತೆ. 1, 9, 17, ಹೀಗೆ ಮುಖ್ಯ ಭಂಗಿಗಳನ್ನು ಮೊದಲು ಬರೆದು, ನಡುವಿನವನ್ನು ಆಮೇಲೆ ತುಂಬುತ್ತಾರೆ. ಮತ್ತೆ ಒಂದರಿಂದ ಶುರು. ಆದರೆ ಮುಖ್ಯ ಭಂಗಿಯೇ ಗೊತ್ತಿರಬೇಕಲ್ಲ? 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಅನ್ನುವವರು ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೊ ತೆಗೆದರು. ನಾಲ್ಕೂ ಕಾಲು ನೆಲ ಬಿಡುವುದು ಅದು ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿದಾಗ ಅಂತ ಆಗ ಗೊತ್ತಾಯಿತು. ಅಷ್ಟು ದಿನ ಚಿತ್ರಗಾರರು ಕಾಲು ಚಾಚಿಯೇ ಹಾರಿಸುತ್ತಿದ್ದರು. ನಾನೂ ನೋಡಿಯೇ ಬರೆಯೋಣ ಅಂತ ಹೆಂಡತಿ ಕೈಗೆ ಫೋನ್ ಕೊಟ್ಟು, ಹಾಲ್‌ನಲ್ಲಿ "ಕಬಡ್ಡಿ ಕಬಡ್ಡಿ" ಅನ್ನುತ್ತಾ ಹೋಗಿ ಸೋಫಾಕ್ಕೆ ಟೋ ಟಚ್ ಮಾಡಿದೆ, ಅಂದರೆ ಕಾಲು ಚಾಚಿ ಕಾಲ್ಬೆರಳ ತುದಿಯಿಂದ ಮುಟ್ಟಿದೆ. ಕಾಲು ಚಾಚಿದಾಗ ಭಾರವೆಲ್ಲ ಮಡಚಿದ ಮಂಡಿಯ ಮೇಲೆ ಬೀಳುತ್ತದೆ ಅಂತ ಚೆನ್ನಾಗಿ ತಿಳಿಯಿತು. ತೊಡೆ ಹಿಡಿದುಕೊಂಡಿತು. ಮೇಲೇಳಿಸಲು ಇಬ್ಬರು ಬೇಕಾಯಿತು.

"ಈಗ ನೀವೇ ಔಟ್ ಕಣ್ರೀ" ಅಂದಳು ಹೆಂಡತಿ, ವಿಡಿಯೋ ನಿಲ್ಲಿಸದೆ.

ಅಂತೂ ಒಂಬತ್ತನೇ ದಿನ 72 ಹಾಳೆ ಮುಗಿಯಿತು. ಕರೆಂಟ್ ಹೋಗಿತ್ತು. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಕರೆಂಟ್ ಬಂತು. ಫ್ಯಾನಿನ ಸ್ವಿಚ್ ಹಾಕಿಯೇ ಇತ್ತು, ಅದೂ ಐದರಲ್ಲಿ.

"ಅಪ್ಪಾ, ನಂಬರ್ ಹಾಕಿಲ್ವಾ?" ಮಂಚದ ಕೆಳಗಿನಿಂದ ಮಗಳು ಕೇಳಿದಳು.

ಮುಖ್ಯ ಭಂಗಿಗಳಿಗೆ ಹಾಕಿದ್ದೆ. ಉಳಿದವಕ್ಕೆ ಇಲ್ಲ. ಓಟದ ಆಟವಾಗಿದ್ದರೆ ಜೋಡಿಸಬಹುದಿತ್ತು. ಆದರೆ ಕಬಡ್ಡಿಯಲ್ಲಿ ರೈಡರ್ ಎದುರಾಳಿಗೆ ಬೆನ್ನು ಕೊಡುವುದು ಕಮ್ಮಿ. ಹೋಗುವಾಗಲೂ ಮುಖ ಅತ್ತಲೇ, ವಾಪಸ್ ಬರುವಾಗಲೂ ಅತ್ತಲೇ. ಒಂದು ಹಾಳೆ ಎತ್ತಿಕೊಂಡು ಇವನು ಹೋಗ್ತಿದ್ದಾನೋ ಬರ್ತಿದ್ದಾನೋ ಅಂತ ನಾವು ಮೂವರೂ ವಾದ ಮಾಡಿದೆವು. ರಾತ್ರಿ ಊಟ ಹತ್ತೂವರೆಗೆ.

ಮಾರನೇ ದಿನ ಫೋನಿನಲ್ಲಿ ಒಂದೊಂದೇ ಹಾಳೆಯ ಫೋಟೊ ತೆಗೆದು ಜೋಡಿಸಿದೆ. ತೂತು ಹೊಡೆಯುವಾಗ ಹತ್ತು ಹತ್ತು ಹಾಳೆ ಒಟ್ಟಿಗೆ ತುರುಕಿದ್ದಕ್ಕೆ ಕಬಡ್ಡಿ ಅಂಕಣ ಭೂಕಂಪ ಆದ ಹಾಗೆ ಅಲುಗುತ್ತಿತ್ತು. 51ನೇ ಹಾಳೆಯಲ್ಲಿ ನನ್ನ ಹೆಬ್ಬೆರಳು ಬಂದುಬಿಟ್ಟಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಕಾಶದಿಂದ ಇಳಿದು, ರೈಡರ್ ಭುಜ ಮುಟ್ಟಿ ಮಾಯವಾಗುತ್ತದೆ. ಇರಲಿ, ಹುಡುಗ ಓಡಾಡುತ್ತಿದ್ದನಲ್ಲ! ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಅಪ್ಪ ಚಿಕ್ಕಂದಿನಲ್ಲಿ ಊರಿನ ಗದ್ದೆಯಲ್ಲಿ ಕಬಡ್ಡಿ ಆಡಿದವರು. ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದರು. ಫೋನ್ ವಾಪಸ್ ಕೊಟ್ಟು, "ಔಟು" ಅಂದರು.

"ಆ ಬೆರಳು ಮುಟ್ಟಿದ್ದಕ್ಕಾ ಅಪ್ಪಾ?"

"ಅದು ಹಾಳಾಗಿ ಹೋಗ್ಲಿ. ಇವನು ಬಾಯೇ ಬಿಡ್ತಿಲ್ವಲ್ಲೋ. ಕಬಡ್ಡಿ ಅನ್ನದೇನೇ ಗೆರೆ ದಾಟಿದ್ದಾನೆ."

72 ಹಾಳೆಯಲ್ಲೂ ಬಾಯಿಯ ಜಾಗದಲ್ಲಿ ಒಂದೇ ಒಂದು ಅಡ್ಡಗೆರೆ. ಸುಲಭ ಅಂತ ಹಾಗೆ ಬರೆದಿದ್ದೆ. ಮಗಳು ಒಳಗೆ ಹೋಗಿ ರಬ್ಬರ್ ತಂದು ನನ್ನ ಕೈಗಿಟ್ಟು, ಸೈಕಲ್ ಹತ್ತಿ ಹೋದಳು.