ಗಾಂಜಾ ಕೇಸಿದ್ದರೆ ಪುಕ್ಕಟೆ ಅಂಗಡಿ? ಹಾಗೇನಿಲ್ಲ

‘ನ್ಯೂಯಾರ್ಕ್‌ನಲ್ಲಿ ಗಾಂಜಾ ಕೇಸಲ್ಲಿ ಸಿಕ್ಕಿಬಿದ್ದವರಿಗೆಲ್ಲ ಸರ್ಕಾರ ಪುಕ್ಕಟೆ ಅಂಗಡಿ ಕೊಡುತ್ತಿದೆ’ ಎಂಬ ಮೆಸೇಜ್ ಓಡಾಡುತ್ತಿದೆ. ಅದರಲ್ಲಿ ನಿಜ ಸ್ವಲ್ಪ, ಮಸಾಲೆ ಜಾಸ್ತಿ.

ಅಲ್ಲಿ ಕಾನೂನುಬದ್ಧವಾಗಿ ಗಾಂಜಾ ಮಾರುವ ಅಂಗಡಿಗಳಿಗೆ 2022ರಲ್ಲಿ ಕೊಟ್ಟ ಮೊದಲ ಲೈಸೆನ್ಸುಗಳಲ್ಲಿ ಇಂಥವರಿಗೆ ಆದ್ಯತೆ ಇದ್ದಿದ್ದು ಹೌದು. ಆದರೆ ಸುಮ್ನೆ ಕೊಡಲಿಲ್ಲ. 2021ರ ಮಾರ್ಚ್ 31ಕ್ಕಿಂತ ಮುಂಚೆ ಅದೇ ರಾಜ್ಯದಲ್ಲಿ ಅರ್ಜಿದಾರರ ಮೇಲೋ ಹತ್ತಿರದ ಕುಟುಂಬದವರ ಮೇಲೋ ಗಾಂಜಾ ಅಪರಾಧ ಸಾಬೀತಾಗಿರಬೇಕಿತ್ತು. ಜೊತೆಗೆ ಲಾಭದಲ್ಲಿ ನಡೆದ ಯಾವುದಾದರೂ ವ್ಯಾಪಾರದಲ್ಲಿ ಎರಡು ವರ್ಷ ಕನಿಷ್ಠ ಶೇ 10ರಷ್ಟು ಪಾಲಿರಬೇಕಿತ್ತು. ಅರ್ಜಿಗೇ 2,000 ಡಾಲರ್, ಅದೂ ವಾಪಸ್ ಬರದ ದುಡ್ಡು. ಪುಕ್ಕಟೆ ಎಲ್ಲಿ ಬಂತು?

ಇನ್ನು ಗಾಂಜಾ ಮಾರಾಟದಿಂದ ಸರ್ಕಾರಕ್ಕೆ ಬರುವ ತೆರಿಗೆ: ಖರ್ಚು ಕಳೆದು ಉಳಿದದ್ದರಲ್ಲಿ ಶೇ 40 ಶಾಲೆಗಳಿಗೆ, ಶೇ 40 ಹಿಂದೆ ಪೊಲೀಸ್ ಕಾಟ ಜಾಸ್ತಿ ಉಂಡ ಬಡಾವಣೆಗಳಿಗೆ, ಮಿಕ್ಕಿದ್ದು ವ್ಯಸನ ಚಿಕಿತ್ಸೆಗೆ, ಜನರಿಗೆ ತಿಳಿವಳಿಕೆ ಕೊಡಲಿಕ್ಕೆ ಎಂದು ಕಾನೂನು ಹೇಳುತ್ತದೆ. ಮೆಸೇಜಿನಲ್ಲಿ ಇದರ ಸುದ್ದಿಯೇ ಇಲ್ಲ, ಅಲ್ವಾ?