ಕನಸಲ್ಲಿ ಕೇಳಿದ ಹೋಳಿಗೆ

ಇದು ಕನಸು ಅಂತ ಗೊತ್ತಿದ್ದೇ ಕನಸು ಕಾಣುವುದನ್ನು ಕಲಿತರೆ ನಾಲ್ಕು ಜನರೆದುರು ಮಾತಾಡುವ ಭಯ ಹೋಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸುಳ್ಳಲ್ಲ, ಆದರೆ ಅಷ್ಟು ಸಲೀಸೂ ಅಲ್ಲ. ನಾನು ಮೂರು ತಿಂಗಳು ಪ್ರಯತ್ನಿಸಿದೆ. ಮಲಗಿ 5 ಗಂಟೆ ಕಳೆದ ಮೇಲೆ ಅಲಾರಂ ಇಟ್ಟು ಎದ್ದು, 'ಕನಸು ಬಿದ್ದಾಗ ಇದು ಕನಸು ಅಂತ ನೆನಪಾಗಬೇಕು' ಎಂದುಕೊಳ್ಳುತ್ತಾ ಮತ್ತೆ ಮಲಗುವುದು (ಆ ಅಲಾರಂ ಮೇಲೆ ಹೆಂಡತಿಗೆ ಇವತ್ತಿಗೂ ಸಿಟ್ಟು). ಕೈಗೂಡಿದ್ದು ಎರಡೇ ಸಲ. ಒಂದರಲ್ಲಿ ಮದುವೆ ಮನೆ, ಪಂಕ್ತಿಯಲ್ಲಿ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಅಂಗೈ ನೋಡಿಕೊಂಡೆ, ಆರು ಬೆರಳು! ಓ, ಕನಸು. ಧೈರ್ಯ ಬಂತು, 'ಇನ್ನೊಂದು ಹೋಳಿಗೆ ಹಾಕಿ' ಅಂತ ಜೋರಾಗಿ ಕೇಳಿದೆ. ಯಾರೂ ನಗಲಿಲ್ಲ. ಅಷ್ಟರಲ್ಲಿ ಎಚ್ಚರವಾಯಿತು.

ಇದೆಲ್ಲ ಬರೀ ಕಥೆ ಎನ್ನುವವರಿಗೆ ಒಂದು ಮಾತು. 1975ರಲ್ಲೇ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಕೀತ್ ಹರ್ನ್, ನಿದ್ದೆಯಲ್ಲಿದ್ದವನೊಬ್ಬ ಕನಸಿನೊಳಗಿಂದಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸಿ ಕೊಟ್ಟ ಸನ್ನೆಯನ್ನು ಯಂತ್ರದಲ್ಲಿ ದಾಖಲಿಸಿದ್ದರು. ಆದರೆ ಕನಸಿನ ಜನ ನಮ್ಮ ತಲೆಯೊಳಗಿನವರೇ ಅಲ್ವಾ, ಆಫೀಸ್ ಮೀಟಿಂಗಿನವರು ಹಾಗಲ್ಲ. ನನಗೆ ಜಾಸ್ತಿ ಉಪಯೋಗವಾಗಿದ್ದು ಕೌನ್ಸೆಲರ್ ಹೇಳಿದ ಹಾಗೆ ದಿನಾ ಅಂಗಡಿಯಲ್ಲಿ ಒಬ್ಬರನ್ನಾದರೂ ಸುಮ್ನೆ ಮಾತಾಡಿಸಿದ್ದು. ಅಲಾರಂ ಇಟ್ಟು ನಿದ್ದೆಗೆಟ್ಟ ಮರುದಿನವಂತೂ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ಅದನ್ನೂ ಲೇಖನದಲ್ಲಿ ಸೇರಿಸಬೇಕಿತ್ತು.